ಎಡಗೈ ಗಂಟು

ಪಂಪಿನ ಸದ್ದು ನಿಂತಿದೆ, ಅಲ್ಲ, ನಿಂತಿಲ್ಲ, ಕಿವಿಗೆ ಒಗ್ಗಿಹೋಗಿದೆ ಅಷ್ಟೆ — ಗೋಡೆಯಾಚೆ ಉಪಗ್ರಹ ಪರೀಕ್ಷಿಸುವ ಉಕ್ಕಿನ ಡ್ರಮ್ಮಿನಿಂದ ಗಾಳಿ ಹೀರುತ್ತಲೇ ಇದೆ, ಈಗ ಬೇರೆ ತಂಡದವರ ಸರದಿ, ನಮ್ಮದು ಬೆಳಿಗ್ಗೆಯೇ ಮುಗಿಯಿತು, ಮುಗಿದ ಚೆಂದ ಊರಿಗೆಲ್ಲ ಗೊತ್ತು. ನನ್ನ ಮುಂದೆ ನೀಲಿ ರಬ್ಬರ್ ಹಾಸು, ಅದರ ಮೇಲೆ ಒಂದು ಗೇಣು ನೈಲಾನ್ ದಾರ, ಗಾಳ ಹಾಕುವವರ ದಾರ, ಬೆಳಕಿಗೆ ಹಿಡಿದರೆ ಮಾತ್ರ ಕಾಣುತ್ತದೆ, ಇಲ್ಲದಿದ್ದರೆ ಮೇಜಿನ ಮೇಲೆ ಏನೂ ಇಲ್ಲ. ಮೂವರ ಮುಂದೆಯೂ ಒಂದೊಂದು ತುಂಡು ಕತ್ತರಿಸಿಟ್ಟು ಗಂಟಮ್ಮ ಅಂದರು, ಒಬ್ಬೊಬ್ಬರಾಗಿ ಕಟ್ಟಿ ನೋಡೋಣ, ನನಗೇನೂ ಅವಸರ ಇಲ್ಲ. ಗಂಟಮ್ಮ ಅನ್ನೋದು ನಾವಿಟ್ಟ ಹೆಸರು, ಮೂವತ್ತು ವರ್ಷ ಪ್ಯಾರಾಚೂಟ್ ಹೊಲಿದವರಂತೆ, ಈಗ ಈ ಹನ್ನೆರಡು ದಿನದ ಶಿಬಿರಗಳಲ್ಲಿ ನಮ್ಮಂಥ ವಿಶ್ವವಿದ್ಯಾಲಯದ ಮಕ್ಕಳಿಗೆ ಉಪಗ್ರಹಕ್ಕೆ ದಾರ ಕಟ್ಟೋದು ಕಲಿಸುತ್ತಾರೆ, ಮುಖ ಯಾವಾಗಲೂ ಗಂಟು, ಕೆಲಸಾನೂ ಗಂಟು, ಹೆಸರು ಹುಡುಕಲು ಯಾರೂ ತಲೆ ಕೆಡಿಸಿಕೊಳ್ಳಬೇಕಾಗಿರಲಿಲ್ಲ. ಮೊದಲು ಕನ್ನಡಕದವಳು ಕಟ್ಟುತ್ತಿದ್ದಾಳೆ, ನಮ್ಮ ತಂಡದ ಬ್ಯಾಟರಿ ಕೆಲಸವೆಲ್ಲ ಅವಳದೇ, ದಾರದ ತುದಿ ಸಿಗದೆ ಮೂಗು ಮೇಜಿಗೆ ತಾಗುವಷ್ಟು ಬಗ್ಗಿದ್ದಾಳೆ. ಆಮೇಲೆ ಸ್ಕೇಲು, ತಂಡದ ಹುಡುಗ, ಅದೂ ನಾವಿಟ್ಟ ಹೆಸರೇ. ಆಮೇಲೆ ನಾನು. ನನ್ನ ಎಡಗೈ ತೊಡೆಯ ಕೆಳಗಿದೆ, ನಾನೇ ಇಟ್ಟುಕೊಂಡದ್ದು, ಯಾವಾಗ ಇಟ್ಟುಕೊಂಡೆನೋ ಗೊತ್ತಿಲ್ಲ.

ಉಪಗ್ರಹ ಅಂದರೆ ಎಷ್ಟು ದೊಡ್ಡದು ಅಂತ ಅಮ್ಮ ಕೇಳಿದ್ದಳು, ಸಕ್ಕರೆ ಡಬ್ಬಿಯಷ್ಟು ಅಂದೆ, ಅಷ್ಟಕ್ಕೆ ನಾಲ್ಕು ವರ್ಷ ಓದಬೇಕಾ ಅಂದಳು. ಡಬ್ಬಿಗೆ ಎರಡು ಮೀಸೆ, ಆಂಟೆನಾ, ಅಳತೆ ಟೇಪಿನದು, ಮಡಚಿದರೆ ಮಡಚಿಕೊಳ್ಳುತ್ತೆ, ಬಿಟ್ಟರೆ ಟಪ್ಪನೆ ಸೆಟೆಯುತ್ತೆ, ಸ್ಕೇಲು ತನ್ನ ಸ್ವಂತ ಟೇಪನ್ನೇ ಕತ್ತರಿಸಿ ಕೊಟ್ಟ, ಜೇಬಲ್ಲಿ ಯಾವಾಗಲೂ ಒಂದು ಉಕ್ಕಿನ ಸ್ಕೇಲಿರುತ್ತೆ ಅವನಿಗೆ, ಬಾಗಿಲ ಚೌಕಟ್ಟನ್ನೂ ಅಳೆಯದೆ ಒಳಗೆ ಬರುವವನಲ್ಲ. ಮೀಸೆ ಮಡಚಿ ದಾರ ಸುತ್ತಿ ಕಟ್ಟಬೇಕು, ದಾರ ಅಕ್ಕಿಕಾಳಿನಷ್ಟಿರುವ ಒಂದು ರೆಸಿಸ್ಟರ್ ಮೇಲೆ ಹಾದುಹೋಗಬೇಕು, ಆಕಾಶಕ್ಕೆ ಹೋದಮೇಲೆ ಕರೆಂಟು ಕೊಟ್ಟರೆ ಅದು ಬಿಸಿಯಾಗುತ್ತೆ, ದಾರ ಕರಗುತ್ತೆ, ಮೀಸೆ ಬಿಚ್ಚುತ್ತೆ, ಉಪಗ್ರಹಕ್ಕೆ ಬಾಯಿ ಬರುತ್ತೆ. ಬರಲಿಲ್ಲ. ಬೆಳಿಗ್ಗೆ ಡ್ರಮ್ಮಿನೊಳಗಿನ ಗಾಳಿಯೆಲ್ಲ ತೆಗೆದು, ಚಳಿ ಹಿಡಿಸಿ, ಕರೆಂಟು ಕೊಟ್ಟರು, ಟೇಪು ಒಂದು ಬೆರಳಗಲ ಎದ್ದು ಅಲ್ಲೇ ನಿಂತುಬಿಟ್ಟಿತು. ಮೂರು ಸಲ ಕೊಟ್ಟರು. ಶಿಬಿರದ ಮುಖ್ಯಸ್ಥರು ಕಾಗದ ತಿರುವಿದರು, ಆಂಟೆನಾ ಕಟ್ಟಿದವರು ಯಾರು, ಸ್ಕೇಲು ಕೈ ಎತ್ತಿದ, ನಾನೇ ಸರ್. ಕಾಗದದಲ್ಲೂ ಅವನದೇ ಹೆಸರು.

ಕಟ್ಟಿದ್ದು ನಾನು. ನಿನ್ನೆ ಕೊನೆಯ ಸುತ್ತು ಎಳೆಯುವಾಗ ಫೋನು ನಡುಗಿತು, ಅಕ್ಕ, ಅಮ್ಮನ ಕಣ್ಣಿನ ಪಟ್ಟಿ ಬಿಚ್ಚುವ ದಿನ, ಆ ಕೋಣೆಯಲ್ಲಿ ಫೋನು ಎತ್ತುವಂತಿಲ್ಲ, ಗಂಟು ಬಿಗಿದು ಎದ್ದೆ, ಆ ಕಾಗದ ನೀನೇ ತುಂಬಿಬಿಡೋ ಅಂತ ಸ್ಕೇಲಿಗೆ ಅಂದೆ, ಹೋಗು ಹೋಗು ಅಂದ. ಕೆಲಸ ಮುಗಿದ ಕೂಡಲೇ ಅಲ್ಲೇ ಇದ್ದವರು ಸಹಿ ಹಾಕಬೇಕು ಅನ್ನೋದು ನಿಯಮ, ಅಲ್ಲೇ ಇದ್ದವನು ಅವನೊಬ್ಬನೇ, ತನ್ನ ಹೆಸರು ಬರೆದ. ಅಕ್ಕ ಆಚೆಯಿಂದ ನಗುತ್ತಿದ್ದಳು, ಪಟ್ಟಿ ಬಿಚ್ಚಿದ್ರು ಕಣೇ, ಅಮ್ಮ ಮೊದಲು ನೋಡಿದ್ದೇ ನನ್ನ ತಲೆ, ಇಷ್ಟೊಂದು ಬಿಳಿಕೂದಲು ಯಾವಾಗ ಬಂತೇ ನಿಂಗೆ ಅಂದ್ಲು. ನಾನೂ ನಕ್ಕೆ. ಹತ್ತು ನಿಮಿಷ. ಬೆಳಿಗ್ಗೆ ಮುಖ್ಯಸ್ಥರು ಕೇಳಿದಾಗ ಬಾಯಿ ತೆರೆಯಲು ಅಷ್ಟು ಹೊತ್ತೂ ಬೇಕಿರಲಿಲ್ಲ, ಅಲ್ಲ ಸರ್ ನಾನು, ಮೂರೇ ಪದ, ನಾಲಿಗೆ ಮೇಲೆ ಬಂದಿತ್ತು, ಅಷ್ಟರಲ್ಲಿ ಅವರು ಸ್ಕೇಲಿಗೆ ಮುಂದಿನ ಮಾತು ಆಡಿಬಿಟ್ಟರು — ಈ ತಂಡದ ಸೀಟು ನಿನಗೇ ಅಂತ ಬರೆದಿಟ್ಟಿದ್ದೆ, ಈಗ ಕಷ್ಟ. ಸೀಟು ಅಂದರೆ ಆರು ತಿಂಗಳ ಕೆಲಸ, ದೊಡ್ಡ ಕೇಂದ್ರದಲ್ಲಿ, ನಿಜವಾಗಿ ಹಾರುವ ಉಪಗ್ರಹದ ಮೇಲೆ, ತಂಡಕ್ಕೆ ಒಬ್ಬರು. ಆಮೇಲೆ ನನ್ನ ಕಡೆ ತಿರುಗಿ, ನಿನ್ನ ಅಂಕ ಅವನ ಹಿಂದೇನೇ ಇದೆಯಲ್ಲಮ್ಮ ಅಂದರು. ಹೌದು ಸರ್ ಅಂದೆ. ಅದೊಂದೇ ನಾನು ಆಡಿದ ಮಾತು. ದುಃಖ ಆಗಲಿಲ್ಲ, ಸಂತೋಷವೂ ಅಲ್ಲ, ಬಸ್ಸಿನಲ್ಲಿ ಯಾರೋ ಎದ್ದುಹೋದ ಜಾಗ ಇನ್ನೂ ಬೆಚ್ಚಗಿರುತ್ತಲ್ಲ, ಅದರಲ್ಲಿ ಕೂತ ಹಾಗಿತ್ತು.

ಸ್ಕೇಲು ಕಟ್ಟುತ್ತಿದ್ದಾನೆ. ಎರಡು ಸುತ್ತು, ಬಲಗೈ, ಒಂದು ಎಳೆತ, ತುದಿ ಕತ್ತರಿಸಿ ಕೈ ಹಿಂದೆ ತೆಗೆದ. ಗಂಟಮ್ಮ ಸೂಕ್ಷ್ಮದರ್ಶಕದ ಕೆಳಗೆ ಎರಡೂ ಗಂಟು ಇಟ್ಟು ನೋಡಿ, ಪಕ್ಕದಲ್ಲಿ ಮೂರನೆಯದಕ್ಕೆ ಜಾಗ ಬಿಟ್ಟಿದ್ದಾರೆ. ಅಲ್ಲೇ ಇನ್ನೊಂದು ಗಾಜಿನ ತಟ್ಟೆ, ಅದರಲ್ಲಿ ಬೆಳಿಗ್ಗೆಯ ದಾರ, ನನ್ನ ದಾರ, ಅರ್ಧ ಸುಟ್ಟದ್ದು. ಆಗ ಗೊತ್ತಾಯಿತು, ಯಾಕೆ ಕಟ್ಟಿಸುತ್ತಿದ್ದಾರೆ ಅಂತ. ಗಂಟಿಗೂ ಕೈಬರಹ ಇರುತ್ತೆ ಅಂತ ಮೊದಲ ದಿನವೇ ಹೇಳಿದ್ದರು, ನಾವು ನಕ್ಕಿದ್ದೆವು. ಎಡಚಿ ಕಟ್ಟಿದರೆ ಸುತ್ತು ಉಲ್ಟಾ ಹೋಗುತ್ತೆ, ಈ ಮೇಜಿಗೆ ಎಡಚಿ ನಾನೊಬ್ಬಳೇ, ಅಮ್ಮ ಕರೆಯೋದೇ ಹಾಗೆ, ಎಡಚೀ ಬಾಗಿಲು ಹಾಕೇ, ಎಡಚೀ ಕತ್ತರಿ ಎಲ್ಲಿಟ್ಟೆ. ಬಲಗೈಲಿ ಕಟ್ಟಬಹುದು. ಬರೆಯೋದು ಬಲಗೈಲೇ ತಾನೇ, ಶಾಲೆಯಲ್ಲಿ ತಿದ್ದಿದ್ದರು, ಎರಡು ಸುತ್ತು, ಒಂದು ಎಳೆತ, ಈಗಷ್ಟೇ ನೋಡಿದೆ ಅವನು ಹೇಗೆ ಕಟ್ಟಿದ ಅಂತ. ಗಂಟಮ್ಮ ಅವಸರ ಮಾಡುತ್ತಿಲ್ಲ, ಕನ್ನಡಕದವಳು ಬಟ್ಟೆಯಿಂದ ಗಾಜು ಒರೆಸುತ್ತಿದ್ದಾಳೆ, ಸ್ಕೇಲು ಗೋಡೆಯ ಗಡಿಯಾರ ನೋಡುತ್ತಿದ್ದಾನೆ, ಒಂದೇ ಒಂದು ಸಲ ನನ್ನ ಕಡೆ ನೋಡಿದ್ದರೆ ಬಹುಶಃ ಬಲಗೈಯೇ ಮುಂದೆ ಬರುತ್ತಿತ್ತು, ಸಿಟ್ಟಿಗಾದರೂ. ನೋಡಲಿಲ್ಲ. ತೊಡೆಯ ಕೆಳಗಿಂದ ಕೈ ತೆಗೆದೆ, ಜೋಮು ಹಿಡಿದಿತ್ತು, ಬೆರಳು ಬೆರಳಿಗೂ ಇರುವೆ, ದಾರ ಎರಡು ಸಲ ಜಾರಿತು, ಮೂರನೆಯ ಸಲ ಎಡಗೈಯಲ್ಲೇ, ನಿನ್ನೆ ಹೇಗೆ ಕಟ್ಟಿದ್ದೆನೋ ಹಾಗೇ, ನಾಲ್ಕು ಸುತ್ತು. ಬೆಳಿಗ್ಗೆದೂ ನಂದೇ ಮೇಡಂ, ಅಂದೆ.

ಗಂಟಮ್ಮ ತಟ್ಟೆ ನನ್ನ ಮುಂದೆ ತಳ್ಳಿದರು, ನೋಡು. ಎರಡು ಎಳೆ ಕರಗಿ ಮಣಿಯಾಗಿವೆ, ಇನ್ನೆರಡು ಹಾಗೇ ಇವೆ, ಗಟ್ಟಿಯಾಗಿ. ನಾಲ್ಕು ಸುತ್ತು ಯಾಕೆ ಹಾಕಿದೆ? ಬಿಚ್ಚಿಹೋದೀತು ಅಂತ ಭಯ ಆಯ್ತು ಮೇಡಂ. ಬಿಚ್ಚಲಿ ಅಂತಾನೇ ಅಲ್ವೇನಮ್ಮ ಕಟ್ಟೋದು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎದ್ದು ಮುಖ್ಯಸ್ಥರ ಕೋಣೆಗೆ ಹೋದೆ, ಹಿಂದೆಯೇ ಸ್ಕೇಲು ಬಂದ, ಅವರು ಇಬ್ಬರನ್ನೂ ನಿಲ್ಲಿಸಿ ಕೇಳಿಸಿಕೊಂಡರು, ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು, ಒಬ್ಬ ಮಾಡದ ಕೆಲಸಕ್ಕೆ ಸಹಿ ಹಾಕಿದ, ಒಬ್ಬಳು ಮಾಡಿದ ಕೆಲಸಕ್ಕೆ ಬಾಯಿ ಮುಚ್ಚಿಕೊಂಡಳು, ನಾಳೆ ನಿಜವಾದ್ದು ಹಾರಿದಮೇಲೆ ನಿಮ್ಮನ್ನ ಎಲ್ಲಿ ಅಂತ ಹುಡುಕಲಿ? ಸೀಟು ಕನ್ನಡಕದವಳಿಗೆ. ನ್ಯಾಯವೇ. ಸತ್ಯ ಹೇಳಿದರೆ ಹೋದದ್ದು ಅವನಿಗೆ ವಾಪಸ್ ಬರುತ್ತೆ ಅಂತ ಎಲ್ಲೋ ಅಂದುಕೊಂಡಿದ್ದೆ, ಬರಲಿಲ್ಲ, ಕೈಗೆ ಬಂದದ್ದು ಇಬ್ಬರ ಬಾಯಿಗೂ ಬರಲಿಲ್ಲ, ಅಷ್ಟೆ. ಮೆಟ್ಟಿಲು ಇಳಿಯುವಾಗ ನಾನು ಕೇಳಿದೆ, ಬೆಳಿಗ್ಗೆ ಯಾಕೋ ನೀನು ಹೇಳ್ಲಿಲ್ಲ? ನೀನು ಹೇಳ್ತೀಯ ಅಂತ ಇದ್ದೆ ಕಣೆ. ಎರಡು ಮೆಟ್ಟಿಲಾದಮೇಲೆ ಕೇಳಿದ, ಅಮ್ಮನ ಕಣ್ಣು ಹೇಗಿದೆ? ಚೆನ್ನಾಗಿದೆ, ಎಲ್ಲಾ ಕಾಣುತ್ತಂತೆ. ಒಳ್ಳೇದಾಯ್ತು ಬಿಡು.

ಮಾರನೆಯ ದಿನ ಮತ್ತೆ ಕಟ್ಟಿದ್ದು ನಾನೇ, ಗಂಟಮ್ಮ ಪಕ್ಕದಲ್ಲಿ ನಿಂತು ಕಟ್ಟಿಸಿದರು, ಎಡಗೈ, ಎರಡು ಸುತ್ತು, ಕಾಗದದಲ್ಲಿ ನನ್ನ ಹೆಸರು ಬರೆದೆ, ಬಲಗೈಯಲ್ಲಿ. ಮಧ್ಯಾಹ್ನ ನಮ್ಮ ಸರದಿ. ಡ್ರಮ್ಮಿಗೆ ಒಂದು ದುಂಡನೆಯ ಕಿಟಕಿ, ಅಂಗೈ ದಪ್ಪದ ಗಾಜು, ಮುಂದೆ ನಿಲ್ಲಲು ನನಗೇ ಜಾಗ ಬಿಟ್ಟರು, ಕಟ್ಟಿದವಳು ನೋಡಲಿ ಅಂತ. ಬಗ್ಗಿದೆ. ಗಾಜಿನ ಮೇಲೆ ಒಂದು ಜಿಡ್ಡಿನ ಗುರುತು, ನನ್ನ ಹಣೆ ತಾಗುವ ಜಾಗಕ್ಕಿಂತ ನಾಲ್ಕು ಬೆರಳು ಮೇಲೆ, ಯಾರೋ ಹಣೆ ಒತ್ತಿ ತುಂಬಾ ಹೊತ್ತು ನಿಂತಂತೆ, ನಡುವೆ ಎರಡು ಗೆರೆ, ಹುಬ್ಬು ಗಂಟಿಕ್ಕಿದಾಗ ಬೀಳುವ ಗೆರೆ. ನಿನ್ನೆ ಊಟದ ಹೊತ್ತು. ಎಲ್ಲರೂ ಹೋಗಿದ್ದರು, ಸ್ಕೇಲೊಬ್ಬ ಇಲ್ಲೇ ಉಳಿದಿದ್ದ, ಬಾಗಿಲ ಸಂದಿಯಿಂದ ಬೆನ್ನು ಕಂಡಿತ್ತು, ಹಣೆ ಗಾಜಿಗೆ, ಒಳಗೆ ನಾನು ಕಟ್ಟಿದ್ದು ಒಂದು ಬೆರಳಗಲ ಎದ್ದು ನಿಂತಿತ್ತು, ಅದನ್ನೇ ನೋಡುತ್ತಿದ್ದ, ನಾನು ತಟ್ಟೆ ಹಿಡಿದು ಹೋಗುತ್ತಿದ್ದವಳು ಒಂದು ಗಳಿಗೆ ನಿಂತೆ, ನಿಂತು ಊಟಕ್ಕೆ ಹೋದೆ, ಹೊಟ್ಟೆ ತುಂಬ ಉಂಡೆ. ಕರೆಂಟು ಕೊಡ್ತಿದೀವಿ ಅಂತ ಹಿಂದಿನಿಂದ ಯಾರೋ ಅಂದರು, ಐದು, ನಾಲ್ಕು, ಗುರುತಿನ ಅಂಚು ಸ್ವಲ್ಪ ಕಲಸಿದೆ, ಹಣೆ ಎತ್ತುವಾಗ ಜಾರಿರಬೇಕು, ಮೂರು, ಇಲ್ಲಿ ಒಂದು ಕೂದಲೂ ಅಂಟಿದೆ, ಎರಡು — ಬಿಚ್ಚಿತು ಬಿಚ್ಚಿತು ಅಂತ ಕೂಗು, ಚಪ್ಪಾಳೆ, ಕನ್ನಡಕದವಳು ನನ್ನ ಭುಜ ಹಿಡಿದು ಅಲ್ಲಾಡಿಸುತ್ತಿದ್ದಾಳೆ, ನೋಡಿದ್ಯಾ ನೋಡಿದ್ಯಾ, ನಾನು ನೋಡುತ್ತಿದ್ದೇನೆ, ಗಾಜು, ಗಾಜಿನ ಮೇಲೆ ಹಣೆ, ಎರಡು ಗೆರೆ, ಗಾಜಿನ ಮೇಲೆ ಅವನ ಹಣೆ —