ಬಿಚ್ಚಲೊಪ್ಪದ ಜಡೆ

ಇಬಾದಾನ್ ಊರಿನ ಮೊಕೊಲಾ ಕೇರಿಯಲ್ಲಿ ಜಡೆ ಹೆಣೆಯುವ ಮೊರೆನಿಕೆಯ ಬಾಯಿಗೆ ಹೆದರದವರು ಕಡಿಮೆ. ತಲೆ ಅಲ್ಲಾಡಿಸಿದರೆ ಬಾಚಣಿಗೆಯಿಂದ ಮೊಟಕುತ್ತಾಳೆ. ಬೈತಲೆ ಸೊಟ್ಟಗಾಯಿತು ಎಂದವರಿಗೆ ನಿನ್ನ ಬುರುಡೆಯೇ ಸೊಟ್ಟ ಎನ್ನುತ್ತಾಳೆ. ಆದರೂ ಹೆಂಗಸರು ಅವಳ ಬೆಂಚು ಬಿಟ್ಟು ಬೇರೆ ಕಡೆ ಹೋಗರು. ಅವಳು ಹೆಣೆದ ಜಡೆಯೊಳಗೆ ಕೂದಲು ಬಿಸಿಲು, ಧೂಳು, ಬಾಚಣಿಗೆ ಯಾವುದರ ಕಾಟವೂ ಇಲ್ಲದೆ ತನ್ನ ಪಾಡಿಗೆ ಬೆಳೆಯುತ್ತದೆ. "ಹೆಣೆದಿಟ್ಟ ಕೂದಲಿಗೆ ಏನೂ ಆಗಲ್ಲ, ಎಣ್ಣೆ ಹಚ್ಕೊಂಡು ಸುಮ್ನೆ ಇರಿ" ಎಂದು ಬಂದವರಿಗೆಲ್ಲ ಹೇಳಿ ಹೇಳಿ ಆ ಮಾತು ಅವಳ ನಾಲಿಗೆಗೆ ಅಂಟಿಕೊಂಡುಬಿಟ್ಟಿತ್ತು. ಅದನ್ನೇ ಅವಳು ಮಗಳ ಕಾಯಿಲೆಗೂ ಹೇಳಿದಳು ನೋಡಿ, ಕೆಟ್ಟದ್ದು ಅಲ್ಲಿ.

ಮಗಳು ರೊಂಕೆ ಪಾಲಿಟೆಕ್ನಿಕ್ಕಿನಲ್ಲಿ ಓದುತ್ತಿದ್ದಳು. ಕುತ್ತಿಗೆಯ ಗಡ್ಡೆ ತೋರಿಸಿಕೊಂಡು ಬರಲು ಹೋದವಳು ಕ್ಯಾನ್ಸರ್ ಎಂಬ ಹೆಸರು ಹೊತ್ತುಕೊಂಡು ಬಂದಳು. ಔಷಧಿ ಏರಿಸಿದರೆ ಕೂದಲು ಉದುರುತ್ತದೆ, ಮೊದಲೇ ಕತ್ತರಿಸಿಬಿಡಿ ಎಂದು ನರ್ಸಮ್ಮ ಹೇಳಿದ್ದಕ್ಕೆ ಮೊರೆನಿಕೆ ನಕ್ಕಳು. ಕೂದಲಿನ ವಿಷಯ ಇವಳು ನನಗೆ ಹೇಳುತ್ತಾಳಲ್ಲ ಎಂದುಕೊಂಡಳು. ಮನೆಗೆ ಬಂದವಳೇ ಮಗಳನ್ನು ಮಂಡಿಗಳ ನಡುವೆ ಕೂರಿಸಿಕೊಂಡು, ಚೌರಿ ಸೇರಿಸಿ, ಬುಡದಿಂದಲೇ ಬಿಗಿಯಾಗಿ, ತೆಳ್ಳಗೆ ತೆಳ್ಳಗೆ ಜಡೆ ಹೆಣೆದಳು. ರೊಂಕೆಯ ಕಣ್ಣಲ್ಲಿ ನೀರು ಬಂದರೂ ಕೈ ಸಡಿಲಿಸಲಿಲ್ಲ. ಬಿಗಿಯಾದರೆ ತಾನೇ ಹಿಡಿದಿಟ್ಟುಕೊಳ್ಳುವುದು.

ಗೆದ್ದಳೆಂದೇ ತೋರಿತು. ಔಷಧಿ ಏರಿಸುವ ಕೋಣೆಯಲ್ಲಿ ಉಳಿದ ಹೆಂಗಸರೆಲ್ಲ ಬೋಳುತಲೆಗೆ ಬಟ್ಟೆ ಸುತ್ತಿಕೊಂಡು ಕೂತಿದ್ದರೆ ರೊಂಕೆಯ ಜಡೆಗಳು ಮಾತ್ರ ಭುಜದ ಮೇಲೆ ಇಳಿಬಿದ್ದಿದ್ದವು. ಮೊರೆನಿಕೆ ಬೀದಿಯಲ್ಲೆಲ್ಲ ಅದನ್ನೇ ಹೇಳಿಕೊಂಡು ತಿರುಗಿದಳು. ಕೂದಲು ಉಳಿದರೆ ಮಗಳೂ ಉಳಿಯುತ್ತಾಳೆ ಎಂದು ಅವಳು ಒಳಗೊಳಗೇ ದೇವರ ಜೊತೆ ಒಪ್ಪಂದ ಮಾಡಿಕೊಂಡಿದ್ದಳು. ದೇವರು ಒಪ್ಪಿದನೋ ಇಲ್ಲವೋ, ಅದನ್ನು ಕೇಳುವ ಧೈರ್ಯ ಅವಳಿಗಿರಲಿಲ್ಲ.

ರೊಂಕೆ ಕೇಳಿದ್ದು ಒಂದೇ ಒಂದು.

"ಬಿಚ್ಚಿಬಿಡಮ್ಮ. ತಲೆ ಉರೀತದೆ. ದಿಂಬಿಗೆ ಇಡಕ್ಕಾಗಲ್ಲ."

"ಬಿಚ್ಚೋಣ. ಈ ಸಲದ ಔಷಧಿ ಮುಗೀಲಿ."

"ಹೋದ ಸಲಾನೂ ಇದನ್ನೇ ಅಂದೆ."

"ತಲೆ ಬಿಸಿಯಾಗಿದೆ ಅಷ್ಟೆ. ತಣ್ಣಗೆ ಎಣ್ಣೆ ಹಾಕ್ತೀನಿ ಬಾ."

"ಬೇಡ, ನಾನೇ ಹಾಕ್ಕೋತೀನಿ," ಎಂದು ರೊಂಕೆ ಎಣ್ಣೆ ಶೀಶೆ ತೆಗೆದುಕೊಂಡು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಹೊರಗೆ ಬರುವಾಗ ತಲೆಗೆ ವಸ್ತ್ರ ಬಿಗಿದಿರುತ್ತಿತ್ತು. ಹುಡುಗಿ ದೊಡ್ಡವಳಾದಳು, ನಾಚಿಕೆ ಎಂದು ಮೊರೆನಿಕೆ ಸುಮ್ಮನಾದಳು. ನಿಜ ಹೇಳಬೇಕೆಂದರೆ ಹತ್ತಿರದಿಂದ ನೋಡುವುದು ಅವಳಿಗೂ ಬೇಕಿರಲಿಲ್ಲ. ಊರವರ ಜಡೆಯೆಲ್ಲ ಒಂದು ತಿಂಗಳಲ್ಲಿ ಬುಡದಿಂದ ಮೇಲೆದ್ದು, ಕೆಳಗೆ ಹೊಸ ಕೂದಲು ಕಾಣಿಸಿಕೊಳ್ಳುತ್ತದೆ. ಮಗಳ ತಲೆಯಲ್ಲಿ ಹೊಸದು ಒಂದೆಳೆಯೂ ಕಂಡಿರಲಿಲ್ಲ. ಅದು ಗೊತ್ತಿದ್ದೂ ಅವಳು ಆ ಯೋಚನೆಯನ್ನು ಹತ್ತಿರ ಸೇರಿಸಲಿಲ್ಲ.

ಒಂದು ಬೆಳಿಗ್ಗೆ ಮೆಣಸಿನಕಾಯಿ ಮಾರುವ ಸಿಕಿರಾತ್ ಹಳೇ ಜಡೆ ಬಿಚ್ಚಿಸಲು ಬಂದಳು. ರೊಂಕೆ ಒಳಕೋಣೆಯಲ್ಲಿ ಮಲಗಿದ್ದಳು, ನಡುವೆ ಒಂದು ಪರದೆ ಅಷ್ಟೆ. ಸಿಕಿರಾತಳ ಬಾಯಿಗೆ ಬಿಡುವೆಂಬುದಿಲ್ಲ.

"ಮೆಲ್ಲಗೆ ಎಳಿಯೇ ಅಕ್ಕ. ತಲೆ ನಂದು, ಸಂತೇಲಿ ಕೊಂಡ್ಕೊಂಡಿದ್ದಲ್ಲ."

"ಇಷ್ಟು ದಿನ ಇಟ್ಕೊಂಡಿದ್ದೀಯಲ್ಲ, ಒಳಗೆ ಕೋಳಿ ಮೊಟ್ಟೆ ಇಟ್ಟಿದ್ರೂ ಆಶ್ಚರ್ಯ ಇಲ್ಲ. ಕೂತ್ಕೋ ಸುಮ್ನೆ."

ಅರ್ಧ ತಲೆ ಬಿಚ್ಚಿ ಬಾಚಣಿಗೆ ಹಾಕಿದಾಗ ಹಿಡಿ ತುಂಬ ಕೂದಲು ಬಂತು. ಸಿಕಿರಾತ್ ಅದನ್ನು ನೋಡಿ ಎದೆ ಹಿಡಿದುಕೊಂಡಳು. "ಅಯ್ಯೋ ಅಲ್ಲಾಹ್, ಬೋಳಾದೆ ನಾನು. ನನ್ನ ಗಂಡ ಇನ್ನೊಬ್ಬಳನ್ನ ಕಟ್ಕೋತಾನೆ."

"ನಿನ್ನ ಗಂಡನಿಗೆ ನೀನೊಬ್ಬಳೇ ಹೆಚ್ಚಾಗಿದ್ದೀಯ," ಎಂದಳು ಮೊರೆನಿಕೆ, ಕೈ ನಿಲ್ಲಿಸದೆ. "ಇದು ಈಗ ಉದುರಿದ್ದಲ್ಲ ಕಣೇ. ದಿನಾ ಒಂದಿಷ್ಟು ಉದುರ್ತಾನೇ ಇರ್ತದೆ. ಜಡೆಯೊಳಗಿದ್ರೆ ಬಿದ್ದು ಹೋಗಕ್ಕೆ ದಾರಿ ಇರಲ್ಲ. ಬುಡ ಬಿಟ್ಟಿದ್ರೂ ಅಲ್ಲೇ ಸಿಕ್ಕೊಂಡಿರ್ತದೆ. ಹೊರಗಿಂದ ನೋಡಿದ್ರೆ ಇದ್ದ ಹಾಗೇ..."

ಮಾತು ಅಲ್ಲಿಗೆ ನಿಂತಿತು. ಸಾವಿರ ಸಲ ಸಾವಿರ ಹೆಂಗಸರಿಗೆ ಹೇಳಿದ ಮಾತು. ಅವತ್ತು ಅವಳ ಕಿವಿಗೇ ಬಿತ್ತು. ಪರದೆಯ ಆಚೆಯಿಂದ ರೊಂಕೆ ಕೆಮ್ಮಿದಳು, ಎದ್ದಿದ್ದಳು, ಎಲ್ಲ ಕೇಳಿಸಿಕೊಂಡಿದ್ದಳು. ಮೊರೆನಿಕೆ ಬಾಚಣಿಗೆಯನ್ನು ಸಿಕಿರಾತಳ ಮಡಿಲಲ್ಲಿ ಹಾಕಿ, ಅರ್ಧ ಬಿಚ್ಚಿದ ತಲೆಯನ್ನು ಹಾಗೆಯೇ ಬಿಟ್ಟು ಒಳಗೆ ಹೋದಳು.

"ಬಾ ಮಗಳೇ. ಬಿಚ್ಚೋಣ."

ರೊಂಕೆ ಮಂಚದಿಂದ ಇಳಿದು ಅಮ್ಮನ ಮಂಡಿಗಳ ನಡುವೆ ಚಾಪೆಯ ಮೇಲೆ ಕೂತು ವಸ್ತ್ರ ತೆಗೆದಳು. ಮುಗ್ಗಲು ವಾಸನೆ ಬಂತು. ಮೊರೆನಿಕೆ ಹಣೆಯ ಹತ್ತಿರದ ಜಡೆಯೊಂದನ್ನು ಹಿಡಿದು ತುದಿಯಿಂದ ಸಡಿಲಿಸಬೇಕೆನ್ನುವಷ್ಟರಲ್ಲಿ ಅದು ಇಡಿಯಾಗಿ ಕೈಗೆ ಬಂತು. ಎಳೆದದ್ದೇ ಇಲ್ಲ. ಜೊತೆಗೆ ಪಕ್ಕದ್ದೂ ಬಂತು, ಅದರ ಪಕ್ಕದ್ದೂ ಬಂತು. ನೋಡಿದರೆ ಮೂರನ್ನೂ ಬುಡದಲ್ಲಿ ಕಪ್ಪು ದಾರದಿಂದ ಒಂದಕ್ಕೊಂದು ಹೊಲಿದಿತ್ತು. ಹೊಲಿಗೆ ಓರೆಕೋರೆ, ಗಂಟು ದಪ್ಪ. ಅದು ಅವಳ ಕೈಗೆಲಸವಲ್ಲ.

"ಇದನ್ಯಾರು ಕಟ್ಟಿದ್ದು?"

"ನಾನೇ. ಬಚ್ಚಲಲ್ಲಿ. ಬುಡ ಬಿಟ್ಟಿದ್ದನ್ನ ಕೆಳಗೆ ಬೀಳದ ಹಾಗೆ ಪಕ್ಕದ್ದಕ್ಕೆ ಹೊಲ್ಕೋತಿದ್ದೆ. ಎಣ್ಣೆ ಹಚ್ಚುವಾಗ ನಿನ್ನ ಕೈಗೆ ಬಂದ್ರೆ ನೀನು ತಡ್ಕೊಳ್ಳಲ್ಲ ಅಂತ."

"ಯಾವತ್ತಿಂದ?"

"ಎರಡನೇ ಸಲ ಔಷಧಿ ಹಾಕಿದಾಗಿಂದ."

ಮೊರೆನಿಕೆ ಬೀದಿ ತುಂಬ ಜಂಬ ಕೊಚ್ಚಿಕೊಂಡು ತಿರುಗಿದ್ದು ಆಗಲೇ. ಸೂಜಿ ಹಿಡಿಯಲೂ ಬೆರಳು ನಡುಗುವ ಹುಡುಗಿ ಬಚ್ಚಲ ಕನ್ನಡಿಯ ಮುಂದೆ ನಿಂತು, ಉರಿಯುವ ನೆತ್ತಿಯ ಮೇಲೆ ಉದುರಿದ ಜಡೆಗಳನ್ನು ಹೊಲಿದುಕೊಳ್ಳುತ್ತಿದ್ದಳು. ಯಾರಿಗಾಗಿ? ಮೊರೆನಿಕೆಗೆ ತನ್ನ ಮೇಲೆ ಹೇಸಿಗೆಯಾಯಿತು. ಅವಳು ಒಂದೊಂದಾಗಿ ದಾರ ಕತ್ತರಿಸಿದಳು. ಜಡೆಗಳು ಚಾಪೆಯ ಮೇಲೆ ಬಿದ್ದವು. ಬಿಗಿದ ಜಾಗದಲ್ಲೆಲ್ಲ ಹುಣ್ಣಾಗಿತ್ತು, ಕೆಲವು ಇನ್ನೂ ಹಸಿ. ಅವಳು ಉಗುರುಬೆಚ್ಚಗಿನ ನೀರಿನಲ್ಲಿ ಬಟ್ಟೆ ಅದ್ದಿ ಒತ್ತಿದಾಗ ರೊಂಕೆ ದೀರ್ಘವಾಗಿ ಉಸಿರುಬಿಟ್ಟಳು. ಇಷ್ಟನ್ನು ಅವಳು ಎಂದೋ ಕೇಳಿದ್ದಳು.

ಸಿಕಿರಾತ್ ಹೊರಗೆ ಕೂಗಿ ಕೂಗಿ ಸಾಕಾಗಿ ಒಳಗೆ ಬಂದಳು. ಅವಳ ತಲೆಯ ಒಂದು ಕಡೆ ಜಡೆ, ಒಂದು ಕಡೆ ಕೆದರಿದ ಕೂದಲು. ನೋಡಿದಳು, ಬಾಯಿ ಮುಚ್ಚಿಕೊಂಡಳು. ಕಾಯಿಲೆಯವರ ಕೂದಲು ಕಂಡವರ ಕೈಗೆ, ಕಂಡವರ ಕಾಲಿಗೆ ಸಿಗಬಾರದು ಎಂಬುದು ಅಲ್ಲಿಯವರ ನಂಬಿಕೆ. ಅವಳು ಮಂಡಿಯೂರಿ ಎಲ್ಲವನ್ನೂ ಉಟ್ಟ ಬಟ್ಟೆಯ ಅಂಚಿಗೆ ಬಳಿದುಕೊಂಡಳು.

"ಅಕ್ಕ, ಸುಟ್ಟುಬಿಡ್ತೀನಿ," ಎಂದಳು ಮೆಲ್ಲಗೆ. "ಅದನ್ನೂ ಕೊಡು."

ಮೊರೆನಿಕೆಯ ಮುಷ್ಟಿಯಲ್ಲಿ ಒಂದು ಜಡೆ ಉಳಿದಿತ್ತು. ಚೌರಿಯ ನಡುವೆ ರೊಂಕೆಯ ಸ್ವಂತ ಕೂದಲು, ಒತ್ತಾಗಿ, ಸುರುಳಿಯಾಗಿ. ಮಗಳು ಹುಟ್ಟಿದಾಗಿನಿಂದ ತಾನೇ ತೊಳೆದು, ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ ಬೆಳೆಸಿದ್ದು. ಅದನ್ನು ಕೊಟ್ಟರೆ ದೇವರ ಜೊತೆ ಮಾಡಿಕೊಂಡ ಒಪ್ಪಂದವೂ ಮುಗಿಯಿತು. ಅವಳ ಬೆರಳು ಬಿಡಿಸಿಕೊಳ್ಳಲಿಲ್ಲ.

ರೊಂಕೆ ಹಿಂದಕ್ಕೆ ತಿರುಗಲಿಲ್ಲ. ಒದ್ದೆ ತಲೆಯನ್ನು ಅಮ್ಮನ ತೊಡೆಗೆ ಒರಗಿಸಿ ಕಣ್ಣು ಮುಚ್ಚಿಕೊಂಡೇ ಹೇಳಿದಳು.

"ಕೊಟ್ಟುಬಿಡಮ್ಮ. ಇಷ್ಟು ದಿನ ನಿನ್ನ ನಾನು ನೋಡ್ಕೊಂಡೆ. ನಂಗೆ ಸುಸ್ತಾಗಿದೆ. ಇನ್ಮೇಲೆ ನೀನು ನನ್ನ ನೋಡ್ಕೋ."

ಮೊರೆನಿಕೆ ಕೊಟ್ಟಳು.