ಮೆಲುಕು ಹಾಕುವ ಆಮೆ

ಸೊಸೆ ಮನೆಗೆ ಬರುವಾಗ ಬೀರು ತಂದಳು, ಮಿಕ್ಸಿ ತಂದಳು, ಜೊತೆಗೊಂದು ಆಮೆಯನ್ನೂ ತಂದಳು. ಬೀರು, ಮಿಕ್ಸಿಗಳ ಬಗ್ಗೆ ತಿಗನಾರೆಯಲ್ಲಿ ಯಾರೂ ತುಟಿ ಬಿಚ್ಚಲಿಲ್ಲ. ಆಮೆಯನ್ನು ನೋಡಲು ಮಾತ್ರ ಇಡೀ ಬೀದಿಯೇ ಬಂತು. ಅದು ಕೆರೆಯ ಆಮೆಯಲ್ಲ, ಅಂಗಡಿಯದು. ಕಣ್ಣಿನ ಹಿಂದೆ ಕುಂಕುಮ ತೀಡಿದಂತೆ ಕೆಂಪು ಪಟ್ಟೆ. ಹೆಸರು ಸುಂದರಿ.

ಅತ್ತೆ ಚಿಕ್ಕಲಕ್ಷ್ಮಮ್ಮ ದನ ಸಾಕಿ ಹೆಸರು ಮಾಡಿದವಳು. ಯಾರ ಮನೆಯ ಹಸು ಮೇವು ಬಿಟ್ಟರೂ ಮೊದಲು ಅವಳಿಗೇ ಕರೆ ಬರುತ್ತಿತ್ತು. ಕೊಟ್ಟಿಗೆ ಬಾಗಿಲಲ್ಲಿ ನಿಂತು ಕಣ್ಣಾಡಿಸಿದರೆ ಸಾಕು, ಯಾವುದಕ್ಕೆ ಏನಾಗಿದೆ ಎಂದು ಹೇಳಿಬಿಡುವಳು. ಹಾಗಾಗಿ ಸೊಸೆ ಭಾನುಪ್ರಿಯಾ ಅಕ್ಕನ ಬಾಣಂತನಕ್ಕೆಂದು ಸತ್ಯಮಂಗಲದ ತವರಿಗೆ ಹೊರಟಾಗ ಆಮೆಯನ್ನು ಅತ್ತೆಯ ಕೈಗೇ ಒಪ್ಪಿಸಿದಳು.

"ಅತ್ತೆ, ಬೆಳಗ್ಗೆ ಬಿಸಿಲಿಗಿಡಿ. ಟಬ್ಬಿಂದ ಕಲ್ಲು ತೆಗೀಬೇಡಿ, ಅದು ಹತ್ತಿ ಕೂತು ಮೈ ಒಣಗಿಸ್ಕೋಬೇಕು. ನೀರು ಬದಲಾಯಿಸ್ತಾ ಇರಿ. ಅದಂದ್ರೆ ನಂಗೆ ಜೀವ."

"ನೀ ಓಗವ್ವ. ಎಮ್ಮೆ ಸಾಕ್ದೋಳಿಗೆ ಅಂಗೈ ಅಗಲದ ಆಮ ಒಂದ್ ದೊಡ್ದಾ? ನೀ ಬರಗಂಟ ಮಡ್ಲಲ್ಲೇ ಮಡಿಕತೀನಿ."

ಹೊಸ ಸೊಸೆ ನಂಬಿ ಒಪ್ಪಿಸಿದ ಮೊದಲ ಜೀವ ಅದು. ಅದಕ್ಕೇನಾದರೂ ಆದರೆ ಆ ಹುಡುಗಿ ಈ ಮನೆಯಲ್ಲಿ ಇನ್ನೇನನ್ನೂ ತನ್ನ ಕೈಗೆ ಕೊಡಲಾರಳು ಎಂಬುದು ಚಿಕ್ಕಲಕ್ಷ್ಮಮ್ಮನಿಗೆ ಚೆನ್ನಾಗಿ ಗೊತ್ತಿತ್ತು.

ಬಸ್ಸು ಮರೆಯಾದದ್ದೇ ತಡ, ಅವಳ ಪ್ರೀತಿ ಉಕ್ಕಿ ಹರಿಯಿತು. ನೀರಿನ ಪ್ರಾಣಿ ಬಿಸಿಲಲ್ಲಿ ಬಾಡಿ ಹೋದೀತು ಎಂದು ಟಬ್ಬನ್ನು ಒಳಮನೆಯ ತಣ್ಣನೆ ಮೂಲೆಗೆ ಸೇರಿಸಿದಳು. ಈಜಲು ಅಡ್ಡವಾಗುತ್ತದೆಂದು ಕಲ್ಲನ್ನು ಎತ್ತಿಟ್ಟಳು. ಬೆಟ್ಟದ ಚಳಿಗೆ ಮನುಷ್ಯರೇ ಕಂಬಳಿ ಬಿಟ್ಟು ಏಳದ ಕಾಲ ಅದು. ವಾರ ಕಳೆದ ಮೇಲೆ ಒಂದು ದಿನ ನೆರೆಮನೆಯ ತಿಮ್ಮಮ್ಮ ಬಂದು ಟಬ್ಬಿಗೆ ಇಣುಕಿದಳು.

"ಚೆನ್ನಾಗದಾ ಅಕ್ಕ?"

"ಮೂಗು ನೋಡು, ಎಂಗೆ ತೇವವಾಗದೆ."

ತಿಮ್ಮಮ್ಮ ಒಪ್ಪಿ ತಲೆಯಾಡಿಸಿದಳು. ಮೂಗು ಒದ್ದೆಯಿರುವ ಹಸುವಿಗೆ ಜ್ವರವಿಲ್ಲ ಎಂಬುದು ಆ ಊರಲ್ಲಿ ಎಲ್ಲರಿಗೂ ಗೊತ್ತು.

ಅಂದು ಸಂಜೆ ಭಾನುಪ್ರಿಯಾ ಫೋನು ಮಾಡಿದಾಗ ಚಿಕ್ಕಲಕ್ಷ್ಮಮ್ಮನ ದನಿಯಲ್ಲಿ ಹೆಮ್ಮೆ ತುಳುಕುತ್ತಿತ್ತು. "ನಿನ್ ಸುಂದರಿ ರಾಣಿ ಅಂಗವಳೆ ಕಣವ್ವ. ಮೂಗಲ್ಲಿ ಗುಳ್ಳೆ ಗುಳ್ಳೆಯಾಗಿ ನೀರು ಬತ್ತಾನೇ ಅದೆ. ಒಂದ್ ಮಗ್ಗುಲಿಗೆ ಒರಗ್ಕಂಡು ತೇಲ್ತಾ, ಬಾಯ ಬುಟ್ಟು ಬುಟ್ಟು ಮುಚ್ತಾ, ಎಷ್ಟ್ ಚೆಂದಾಗಿ ಮೆಲುಕು ಆಕ್ತಾದೆ ಅಂತೀಯ."

ಭಾನುಪ್ರಿಯಾ ನಡುವೆಯೇ ತಡೆದಳು.

"ಅತ್ತೆ, ಆಮೆ ಮೆಲುಕು ಹಾಕಲ್ಲ."

"ನಾನೇ ಕಣ್ಣಾರ ನೋಡ್ದೆ."

"ಉಸಿರಾಡಕ್ಕಾಗ್ದೆ ಬಾಯಿ ಬಿಡ್ತಿದೆ ಅತ್ತೆ. ಮೂಗಲ್ಲಿ ಗುಳ್ಳೆ ಬಂದ್ರೆ ನೆಗಡಿ. ವಾಲ್ಕೊಂಡು ತೇಲಿದ್ರೆ ಎದೆಗೆ ಶೀತ ಇಳಿದಿರತ್ತೆ. ಕಣ್ಣು ಹೇಗಿದೆ? ಏನಾದ್ರೂ ತಿಂತಾ?"

ಚಿಕ್ಕಲಕ್ಷ್ಮಮ್ಮ ಟಬ್ಬಿನತ್ತ ನೋಡಿದಳು. ಕಣ್ಣೆರಡೂ ಊದಿ ಮುಚ್ಚಿದ್ದವು. ಸುಖಕ್ಕೆ ಮುಚ್ಚಿದೆ ಎಂದುಕೊಂಡಿದ್ದಳು. ಹಾಕಿದ ಸೊಪ್ಪು ಹಾಗೇ ತೇಲುತ್ತಿತ್ತು. ಒಲೆಯ ಹತ್ತಿರ ಕೂತು ಆಮೆಯನ್ನು ಮಡಿಲಲ್ಲಿ ಬೆಚ್ಚಗಿಟ್ಟುಕೊಂಡಳು. ಬೆಳಗಾದದ್ದೇ ಗಂಡ ಜಡೆಸ್ವಾಮಿಯ ಮೊಪೆಡ್ಡು ಏರಿ ತಾಳವಾಡಿಯ ದನದ ಆಸ್ಪತ್ರೆಗೆ ಹೊರಟಳು.

"ದಾರೀಲಿ ಯಾರಾದ್ರೂ ಕೇಳುದ್ರೆ ಏನನ್ನಲಿ?" ಎಂದ ಜಡೆಸ್ವಾಮಿ.

"ಸೊಸೆ ಕೂಸು ಅನ್ನಿ. ಗುಂಡಿ ನೋಡ್ಕಂಡು ಓಡ್ಸಿ ಸಾಕು."

ಆಸ್ಪತ್ರೆಯಂಗಳದಲ್ಲಿ ಹಸುಗಳ ಸಾಲೇ ಇತ್ತು. ಚಿಕ್ಕಲಕ್ಷ್ಮಮ್ಮ ಸೆರಗು ಸರಿಸಿದಾಗ ಎಲ್ಲರ ಕುತ್ತಿಗೆಯೂ ಉದ್ದವಾಯಿತು.

"ಎಷ್ಟ್ ಲೀಟ್ರು ಕರೀತದಕ್ಕ?" ಎಂದು ಕೇಳಿದ ಒಬ್ಬ.

"ನಿನ್ ಅಸುಗಿಂತ ವಸಿ ಜಾಸ್ತಿಯೇ ಕಣ್ಲಾ. ಒದೆಯೋದೂ ಇಲ್ಲ."

ಡಾಕ್ಟರು ಷಡಕ್ಷರಿ ನಗಲಿಲ್ಲ. ಆಮೆಯ ಕಣ್ಣು, ಮೂಗು, ಚಿಪ್ಪು ಎಲ್ಲ ನೋಡಿ, ತಮ್ಮ ಜೊತೆ ಓದಿದವರೊಬ್ಬರಿಗೆ ಫೋನು ಮಾಡಿ ಔಷಧಿ ಕೇಳಿಕೊಂಡರು. ಔಷಧಿ ಅಳೆಯಲು ತೂಕ ಬೇಕಿತ್ತು. ಅಲ್ಲಿದ್ದದ್ದು ದೊಡ್ಡ ಪ್ರಾಣಿಗಳ ತಕ್ಕಡಿ, ಅದು ಸುಂದರಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಜಡೆಸ್ವಾಮಿ ಅವಳನ್ನೆತ್ತಿಕೊಂಡು ಪಕ್ಕದ ತರಕಾರಿ ಅಂಗಡಿಗೆ ಓಡಿದ. ಅಂಗಡಿಯ ಮಾದೇವಸ್ವಾಮಿ ಮುಳ್ಳನ್ನೇ ನೋಡುತ್ತಾ, "ಮುಕ್ಕಾಲು ಕೆಜಿಗೆ ವಸಿ ಕಮ್ಮಿ ಅದೆ" ಎಂದು ಅಭ್ಯಾಸಬಲದಿಂದ ಒಂದು ಟೊಮೇಟೊ ಸೇರಿಸಿಬಿಟ್ಟ. ಅದನ್ನು ತೆಗೆಸಿ ಮತ್ತೆ ತೂಗಿಸಬೇಕಾಯಿತು.

ಇಂಜೆಕ್ಷನ್ ಮುಂಗಾಲಿಗೆ ಹಾಕಬೇಕು. ಸುಂದರಿಯೋ ನಾಲ್ಕೂ ಕಾಲು ಒಳಗೆಳೆದುಕೊಂಡು ಬಾಗಿಲು ಹಾಕಿಕೊಂಡಿದ್ದಳು. ಚಿಕ್ಕಲಕ್ಷ್ಮಮ್ಮ ಅವಳನ್ನೆತ್ತಿಕೊಂಡು ಅಂಗಳದ ಬಿಸಿಲಲ್ಲಿ ಕೂತಳು. ಡಾಕ್ಟರು ಸೂಜಿ ಹಿಡಿದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು. ಲೇವಡಿ ಮಾಡಿದವನೇ ತನ್ನ ಹಸುವಿನ ಕೊರಳಗಂಟೆ ಅಲ್ಲಾಡದಂತೆ ಹಿಡಿದುಕೊಂಡ. ಬಿಸಿಲು ಚಿಪ್ಪಿಗೆ ಹತ್ತಿತು. ಮೆಲ್ಲಗೆ ಒಂದು ಕಾಲು ಹೊರಬಂತು. ಸೂಜಿ ಚುಚ್ಚಿದ್ದು ಸುಂದರಿಗೆ, "ಅವ್ವಾ" ಎಂದದ್ದು ಚಿಕ್ಕಲಕ್ಷ್ಮಮ್ಮ.

"ದಿನ ಬಿಟ್ಟು ದಿನ ಕರ್ಕೊಂಡು ಬನ್ನಿ," ಎಂದರು ಡಾಕ್ಟರು. "ಬಿಸಿಲು, ಬೆಚ್ಚಗಿನ ನೀರು, ಹತ್ತಿ ಕೂರಕ್ಕೆ ಒಣ ಜಾಗ. ನೀರು ಕಡಿಮೆ ಇರಲಿ, ತಲೆ ಮೇಲಿಟ್ಕೊಳ್ಳೋಕೆ ಅದು ಒದ್ದಾಡಬಾರ್ದು. ಸೊಸೆ ಹೇಳಿದ್ರಲ್ಲಿ ಒಂದೂ ತಪ್ಪಿಲ್ಲಮ್ಮ."

"ತಪ್ಪು ನಂದೇ ಬುಡಿ ಸಾರ್," ಎಂದಳು ಅವಳು. "ಅಸು ನೋಡೋ ಕಣ್ಣಲ್ಲಿ ಆಮನ ನೋಡ್ಬುಟ್ಟೆ." ಅದೇ ಮಾತನ್ನು ಮನೆಗೆ ಬಂದು ಫೋನಿನಲ್ಲಿ ಭಾನುಪ್ರಿಯಾಗೂ ಹೇಳಿದಳು. ಸೊಸೆ ಅತ್ತಳು, ಬೈಯಲಿಲ್ಲ. ಅದೇ ಹೆಚ್ಚು ಚುಚ್ಚಿತು.

ಮರುದಿನದಿಂದ ಆ ಮನೆಯಲ್ಲಿ ಸೂರ್ಯನದೇ ದರ್ಬಾರು. ಎತ್ತಿಟ್ಟಿದ್ದ ಕಲ್ಲು ಟಬ್ಬಿಗೆ ಮರಳಿತು. ಬಿಸಿಲು ಅಂಗಳದಲ್ಲಿ ಸರಿದಂತೆಲ್ಲ ಟಬ್ಬೂ ಸರಿಯುತ್ತಿತ್ತು, ಅದರ ಹಿಂದೆ ಗಂಡಹೆಂಡಿರೂ ಸರಿಯುತ್ತಿದ್ದರು. ತೀರಾ ಸುಡದಂತೆ ಟಬ್ಬಿನ ಒಂದು ಅಂಚಿಗೆ ಗೋಣಿಚೀಲದ ನೆರಳು. ಕಾಗೆ ಓಡಿಸಲು ಜಡೆಸ್ವಾಮಿಯ ಕೈಯಲ್ಲಿ ಕೋಲು. ಕೂಸಿಗೆ ಎರೆಯುವ ಮುಂಚೆ ನೋಡುವಂತೆ ಚಿಕ್ಕಲಕ್ಷ್ಮಮ್ಮ ಮೊಣಕೈ ಅದ್ದಿ ನೀರಿನ ಹದ ನೋಡುತ್ತಿದ್ದಳು. ಮೂಗಿನ ಗುಳ್ಳೆ ನಿಂತಿತು, ಕಣ್ಣಿನ ಊತ ಇಳಿಯಿತು, ವಾಲುವುದೂ ತಪ್ಪಿತು. ಆದರೆ ಬಾಯಿಗೆ ಮಾತ್ರ ಏನೂ ಬೇಡ. ಹೊನಗೊನೆ ಸೊಪ್ಪು ಬೇಡ, ಕ್ಯಾರೆಟ್ ಬೇಡ, ಜಡೆಸ್ವಾಮಿ ಸಂತೆಯಲ್ಲೆಲ್ಲ ಅಲೆದು ತಂದ ಒಣಮೀನೂ ಬೇಡ.

"ಮೇವು ಬುಟ್ಟ ಪ್ರಾಣಿ ಉಳಿಯಕಿಲ್ಲ ಕಣಿ," ಎಂದಳು ಚಿಕ್ಕಲಕ್ಷ್ಮಮ್ಮ ಗಂಡನಿಗೆ, ದನಿ ತಗ್ಗಿಸಿ. ಭಾನುಪ್ರಿಯಾ ಬರುವ ದಿನ ಹತ್ತಿರವಾಗುತ್ತಿತ್ತು.

ಒಂದು ಬೆಳಗ್ಗೆ ತಿಪ್ಪೆ ಕೆದಕಿ ಎರೆಹುಳು ತಂದು ಸುಂದರಿಯ ಮುಂದೆ ಆಡಿಸಿದಳು. ಸುಂದರಿ ಕಲ್ಲಿನ ಮೇಲೆ ಕತ್ತು ನೀಡಿ ನೋಡಿದಳು. ಮುಖ ತಿರುಗಿಸಿದಳು. ಮತ್ತೆ ಈಚೆ ತಿರುಗಿ, ಹುಳುವನ್ನೂ ಅದನ್ನು ಹಿಡಿದಿದ್ದ ಬೆರಳನ್ನೂ ಒಟ್ಟಿಗೇ ಕಚ್ಚಿದಳು.

ಚಿಕ್ಕಲಕ್ಷ್ಮಮ್ಮ ಕಿರುಚಿದಳು. ಆಮೇಲೆ ರಕ್ತ ಜಿನುಗುವ ಬೆರಳನ್ನು ಮೇಲೆತ್ತಿ ಹಿಡಿದು, ಬೀದಿಯುದ್ದಕ್ಕೂ "ಕಚ್ತು ಕಣೇ ತಿಮ್ಮಿ, ಕಚ್ಬುಡ್ತು" ಎಂದು ನಗುತ್ತಾ ಓಡಿದಳು. ತಿಮ್ಮಮ್ಮ ಗಾಬರಿಯಿಂದ ಅರಿಶಿನದ ಡಬ್ಬಿ ಹಿಡಿದು ಬಂದರೆ, ಅರಿಶಿನ ಆಮೇಲೆ, ಮೊದಲು ಫೋನು ಹಚ್ಚಿಕೊಡು ಎಂದಳು.

"ಅತ್ತೆ, ಜೋರಾಗಿ ಕಚ್ತಾ?" ಎಂದು ಕೇಳಿದಳು ಭಾನುಪ್ರಿಯಾ.

"ಎಲುಬು ಮುಟ್ಟಂಗೆ ಕಚ್ತು ಕಣವ್ವ."

ಆ ಕಡೆ ಸೊಸೆಯೂ ನಗತೊಡಗಿದಳು. "ಹಾಗಾದ್ರೆ ಅತ್ತೆ, ನಾನು ಅಕ್ಕನ ಹತ್ರ ಇನ್ನೊಂದ್ ವಾರ ಇದ್ದು ಬರ್ಲಾ? ಸುಂದರಿನ ನೀವೇ ನೋಡ್ಕೋತೀರಲ್ಲ."