ಐದನೆಯ ಯಾಕೆ

ಗುರುದತ್ ತನ್ನ ಮನೆಯಿಂದಲೇ ಸುರುಳಿ ಸುತ್ತಿಕೊಂಡು ತಂದಿದ್ದ ದೊಡ್ಡ ಹಾಳೆಯನ್ನು ಹೇಮಚಂದ್ರನ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ನೆತ್ತಿಯಲ್ಲಿ ‘ಯಾಕೆ ಸೋತೆವು?’ ಎಂದು ಬರೆದು, ಕೆಳಗೆ ಒಂದರಿಂದ ಐದರವರೆಗೆ ಅಂಕಿ ಹಾಕಿದ. ಪ್ರತಿ ಅಂಕಿಯ ಮುಂದೆಯೂ ಒಂದು ಗೆರೆ. ಕಂಪ್ಯೂಟರ್ ಚಿಪ್ ಕಾರ್ಖಾನೆಯಲ್ಲಿ ಹನ್ನೊಂದು ವರ್ಷದಿಂದ ಅವನು ಮಾಡಿಕೊಂಡು ಬಂದ ಕೆಲಸವೇ ಇದು. ಏನಾದರೂ ಎಡವಟ್ಟಾದರೆ ಯಾಕೆ ಎಂದು ಕೇಳಬೇಕು. ಬಂದ ಉತ್ತರಕ್ಕೆ ಮತ್ತೆ ಯಾಕೆ ಅನ್ನಬೇಕು. ಹೀಗೆ ಐದು ಸಲ ಕೇಳಿದರೆ ಮೂಲಕಾರಣ ತಾನಾಗಿಯೇ ಹೊರಗೆ ಬಂದು ಕೈಕಟ್ಟಿ ನಿಲ್ಲುತ್ತದೆ ಎಂಬುದು ಅವನ ನಂಬಿಕೆ. ಹೆಂಡತಿ ಮುನಿಸಿಕೊಂಡಾಗಲೂ ಅವನು ಮೂರನೆಯ ಯಾಕೆಯವರೆಗೆ ಹೋಗಿದ್ದುಂಟು. ನಾಲ್ಕನೆಯದಕ್ಕೆ ಅವಕಾಶ ಸಿಕ್ಕಿರಲಿಲ್ಲ.

ಹೇಮಚಂದ್ರ ಆ ಐದನೆಯ ಗೆರೆಯನ್ನೇ ನೋಡುತ್ತ ಕುಳಿತಿದ್ದ. ಅಲ್ಲಿ ಯಾರ ಹೆಸರು ಬರಬೇಕೆಂಬುದು ಆ ಅಡುಗೆಮನೆಯಲ್ಲಿದ್ದ ಐದು ಜನರ ಪೈಕಿ ಅವನೊಬ್ಬನಿಗೇ ಗೊತ್ತಿತ್ತು.

ಭಾನುವಾರ ಡಬ್ಲಿನ್ ಪಕ್ಕದ ಟಾಲಾದ ಒಳಾಂಗಣ ಕ್ರೀಡಾಂಗಣದಲ್ಲಿ ನಡೆದ ಕಾಲೇಜುಗಳ ಬ್ಯಾಸ್ಕೆಟ್‌ಬಾಲ್ ಫೈನಲ್‌ನಲ್ಲಿ ಅವರು ಬೆಂಬಲಿಸುವ ಕಾಲೇಜು ಒಂದೇ ಒಂದು ಅಂಕದಿಂದ ಸೋತಿತ್ತು. ನಾಲ್ಕು ಸೆಕೆಂಡು ಉಳಿದಿದ್ದಾಗ ಟ್ರೆವರನಿಗೆ ಎರಡು ಫ್ರೀ ಥ್ರೋ ಸಿಕ್ಕವು. ಯಾರೂ ಅಡ್ಡ ಬರುವಂತಿಲ್ಲ, ಯಾರೂ ಕೈ ಎತ್ತುವಂತಿಲ್ಲ. ಗೆರೆಯ ಮೇಲೆ ನಿಂತು ಸಾವಕಾಶವಾಗಿ ಹಾಕಬೇಕಾದದ್ದು. ಒಂದು ಬಿದ್ದಿದ್ದರೆ ಸಮ, ಎರಡೂ ಬಿದ್ದಿದ್ದರೆ ಗೆದ್ದ ಕಪ್ಪು ಕೈಯಲ್ಲಿ. ವರ್ಷವಿಡೀ ಹತ್ತಕ್ಕೆ ಒಂಬತ್ತು ಹಾಕಿದ್ದ ಹುಡುಗ ಅವನು. ಎರಡು ಸಲವೂ ಚೆಂಡು ರಿಂಗಿನ ಮುಂದಂಚಿಗೆ ಬಡಿದು, ವಿಳಾಸ ತಪ್ಪಿ ಬಂದ ಪತ್ರದ ಹಾಗೆ ಅವನ ಕಡೆಗೇ ವಾಪಸು ಬಂತು.

ಟ್ರೆವರ್ ಓಹಿಯೋದವನು. ಇಪ್ಪತ್ನಾಲ್ಕು ವರ್ಷ, ಆರಡಿ ಎಂಟಂಗುಲ. ಅವನ ಆಟಕ್ಕೆ ಬದಲಾಗಿ ಕಾಲೇಜು ಎರಡು ವರ್ಷದ ಸ್ನಾತಕೋತ್ತರ ಫೀಸು ಮಾಫಿ ಮಾಡಿತ್ತು. ಅದರಾಚೆ ಒಂದು ಕಾಸೂ ಇಲ್ಲ. ಇರಲು ಕೋಣೆ, ತಿನ್ನಲು ಊಟ ಬೆಂಬಲಿಗರ ಬಳಗದ ಹೊಣೆ. ಡಬ್ಲಿನ್ ಸುತ್ತಮುತ್ತ ಈಗ ಕೋಣೆ ಹುಡುಕುವುದೂ ಹುಲಿಯ ಹಾಲು ತರುವುದೂ ಒಂದೇ ಆದ್ದರಿಂದ, ಬಳಗ ಕೋಣೆ ಕೊಟ್ಟರೆ ಮಾತ್ರ ಆಟಗಾರ. ಬಳಗವೆಂದರೆ ನಾಲ್ಕು ಜನ. ಕೋಣೆಯೆಂದರೆ ಲೀಕ್ಸ್‌ಲಿಪ್‌ನ ಹೇಮಚಂದ್ರನ ಮನೆಯ ಮಹಡಿ ಮೇಲಿನ ಹಿಂಬದಿ ಕೋಣೆ. ಊಟವೆಂದರೆ ಅವನ ಹೆಂಡತಿ ಜಯಶೀಲಾಳ ಕೈಯಡುಗೆ. ಹುಡುಗನ ಕಾಲಿಗೆ ಮಂಚ ಸಾಲದೆ ತುದಿಗೊಂದು ಬೆಂಚು ಜೋಡಿಸಿದ್ದರು. ಐದು ತಿಂಗಳಲ್ಲಿ ಹುಡುಗ ಮುದ್ದೆಯನ್ನು ಅಗಿಯದೆ ನುಂಗುವುದನ್ನು ಕಲಿತಿದ್ದ. ಮಂಡ್ಯದಿಂದ ಬಂದ ಹೇಮಚಂದ್ರನಿಗೆ ಅದು ಕಪ್ಪಿಗಿಂತ ದೊಡ್ಡ ಗೆಲುವಾಗಿ ಕಂಡಿತ್ತು.

ಮುಂದಿನ ವರ್ಷಕ್ಕೂ ಕೋಣೆ ಕೊಡುತ್ತೀರೋ ಇಲ್ಲವೋ ಎಂದು ಇವತ್ತು ಏಳು ಗಂಟೆಯೊಳಗೆ ತಿಳಿಸಬೇಕೆಂದು ಕೋಚ್ ಕೇಳಿದ್ದ. ಇಲ್ಲವೆಂದರೆ ಟ್ರೆವರ್ ಅರ್ಧ ಓದಿಗೇ ಗಂಟುಮೂಟೆ ಕಟ್ಟಬೇಕು. ಆ ಉತ್ತರ ಹುಡುಕಲೆಂದೇ ಸಭೆ ಸೇರಿತ್ತು. ಹುಡುಗ ಕಾಲೇಜಿನಿಂದ ಬರುವ ಮೊದಲೇ ಮುಗಿಯಬೇಕಿತ್ತು.

ಒಂದನೆಯ ಯಾಕೆಗೆ ತಕರಾರಿರಲಿಲ್ಲ: ಎರಡು ಫ್ರೀ ಥ್ರೋ ತಪ್ಪಿದವು. ಎರಡನೆಯದಕ್ಕೆ ಗುರುದತ್ ಸಿದ್ಧನಾಗಿ ಬಂದಿದ್ದ. ವಿಡಿಯೋವನ್ನು ಹದಿನಾಲ್ಕು ಸಲ ನೋಡಿದ್ದನಂತೆ. ಚೆಂಡು ಹೋಗುವುದು ಕೈಯಿಂದಲ್ಲ, ಕಾಲಿನಿಂದ. ಮೊಣಕಾಲು ಬಗ್ಗಿ ಮೇಲೆದ್ದರೆ ತಾನೆ ಚೆಂಡಿಗೆ ಬಲ. ಅವತ್ತು ಟ್ರೆವರನ ಮೊಣಕಾಲು ಬಗ್ಗಲೇ ಇಲ್ಲ. ‘ಕಾಲಲ್ಲಿ ಶಕ್ತಿ ಇರಲಿಲ್ಲ’ ಎಂದು ಬರೆದು ಕೆಳಗೆ ಅಡಿಗೆರೆ ಎಳೆದ. ಬ್ಯೂಮಾಂಟ್ ಆಸ್ಪತ್ರೆಯಲ್ಲಿ ನರ್ಸಾಗಿರುವ ಫೆಲಿಕ್ಸ್ ಇದಕ್ಕೆ ವೈದ್ಯಕೀಯ ಒಪ್ಪಿಗೆ ಕೊಟ್ಟ.

ಹೊಡೆದಾಟ ಶುರುವಾದದ್ದು ಮೂರನೆಯದಕ್ಕೆ. ಶಕ್ತಿ ಯಾಕಿರಲಿಲ್ಲ?

ದುಡ್ಡು ಕೊಡದಿದ್ದರೆ ಶಕ್ತಿ ಎಲ್ಲಿಂದ ಬರಬೇಕು ಎಂಬುದು ಗುರುದತ್ತನ ವಾದ. ಅಮೆರಿಕದಲ್ಲಿ ಈಗ ಕಾಲೇಜುಗಳೇ ಆಟಗಾರರಿಗೆ ದುಡ್ಡು ಕೊಡುತ್ತವೆ. ಟ್ರೆವರನ ಹಳೆಯ ಜೊತೆಗಾರನೊಬ್ಬ ಅಲ್ಲಿ ಹೊಸ ಟ್ರಕ್ಕು ಕೊಂಡು ಅದರ ಬಾನೆಟ್ಟಿನ ಮೇಲೆ ಕೂತು ಫೋಟೋ ಹಾಕಿದ್ದಾನೆ. ನಮ್ಮ ಹುಡುಗ ಬಸ್ ಕಾರ್ಡು ಹಿಡಿದು ಮಳೆಯಲ್ಲಿ ನಿಲ್ಲುತ್ತಾನೆ. ಪುಕ್ಕಟೆ ಆಡಿಸಿ ಕಪ್ಪೂ ಬೇಕೆಂದರೆ ಹೇಗೆ?

ಫೆಲಿಕ್ಸನಿಗೆ ಇದು ಕೇಳಿಯೇ ಸಿಟ್ಟು ಬಂತು. ಅವನಿಗೆ ಅವತ್ತು ಸಿಟ್ಟು ಬರುವುದು ಸುಲಭವೂ ಆಗಿತ್ತು. ವಿಭೂತಿ ಬುಧವಾರ; ಬೆಳಿಗ್ಗೆ ಚರ್ಚಿನಲ್ಲಿ ಹಣೆಗೆ ಬೂದಿಯ ಶಿಲುಬೆ ಹಚ್ಚಿಸಿಕೊಂಡು ಬಂದವನು ದಿನಕ್ಕೆ ಒಂದೇ ಊಟದ ವ್ರತದಲ್ಲಿದ್ದ, ಆ ಒಂದು ಊಟ ಇನ್ನೂ ಆಗಿರಲಿಲ್ಲ.

“ಹಣ ಕೊಟ್ರೆ ಮೊಣಕಾಲು ಬಗ್ಗುದಾ? ಎಂತ ಮಾತಾಡ್ತೀ ಮಾರಾಯ. ನಮ್ಮ ಶಿರ್ವದಲ್ಲಿ ಆಡುವಾಗ ನಮ್ಗೆ ಎರಡು ಬನ್ಸು, ಒಂದು ಚಾ. ಅಷ್ಟ್ರಲ್ಲೇ ಕಪ್ಪು ತಂದಿದ್ದೇವೆ.”

ಮಂಡ್ಯದಲ್ಲಿ ಎರಡು ಬೇಯಿಸಿದ ಮೊಟ್ಟೆ, ಒಂದು ಬಾಳೆಹಣ್ಣು ಕೊಡುತ್ತಿದ್ದರೆಂದು ಹೇಮಚಂದ್ರ ಸೇರಿಸಿದ. ಮೂರು ವರ್ಷ ಬೆಂಚಿನ ಮೇಲೆ ಕೂತು ಒಂದು ಮೊಟ್ಟೆಯನ್ನೂ ಬಿಡದೆ ತಿಂದವನು ಅವನು.

ನಾಲ್ಕನೆಯ ಸದಸ್ಯ ಡೊನಲ್ ನಿವೃತ್ತ ಬಸ್ ಚಾಲಕ, ಬಳಗದ ಕಾರ್ಯದರ್ಶಿ. ಅವನ ಹಣೆಯ ಮೇಲೂ ಬೂದಿಯಿತ್ತು. ಕನ್ನಡದ ಮಾತು ನಡೆಯುವಾಗೆಲ್ಲ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡ ಬಸ್ಸಿನಂತೆ ತಾಳ್ಮೆಯಿಂದ ಕೂತಿರುತ್ತಿದ್ದ; ಗುರುದತ್ ನಡುನಡುವೆ ಇಂಗ್ಲಿಷಿನಲ್ಲಿ ಸಾರಾಂಶ ಒಪ್ಪಿಸುತ್ತಿದ್ದ. ಸಂಬಳದ ವಿಚಾರ ತಿಳಿದ ಮೇಲೆ ಡೊನಲ್ ಹೇಳಿದ್ದಿಷ್ಟು: ಈ ದೇಶದಲ್ಲಿ ಎಂಬತ್ತು ಸಾವಿರ ಜನರ ಮುಂದೆ ಕೋಲು-ಚೆಂಡಿನ ಹರ್ಲಿಂಗ್ ಆಟದ ಫೈನಲ್ ಆಡಿದವನು ವಾರ ಕಳೆಯುವುದರೊಳಗೆ ಮಕ್ಕಳಿಗೆ ಭೂಗೋಳ ಪಾಠ ಮಾಡುತ್ತಿರುತ್ತಾನೆ, ಯಾರೂ ಸಂಬಳ ಕೊಡುವುದಿಲ್ಲ. ಆದರೆ, ಎಂದು ಸ್ವಲ್ಪ ತಡೆದು, ಅಂಥವನಿಗೆ ಊರಿನಲ್ಲಿ ಯಾರೂ ಬಿಯರಿನ ಪೈಂಟಿಗೆ ದುಡ್ಡು ಕೇಳುವುದೂ ಇಲ್ಲ ಎಂದ.

“ಅಂದರೆ ಹೊಟ್ಟೆಗೆ ಹಾಕ್ತಾರೆ,” ಎಂದ ಗುರುದತ್.

“ಇವನಿಗೂ ಹಾಕ್ತೇವಲ್ಲ,” ಎಂದು ಫೆಲಿಕ್ಸ್ ಒಲೆಯ ಕಡೆ ಕೈ ತೋರಿದ. ಜಯಶೀಲಾ ಅಲ್ಲಿ ದೋಸೆಯ ಕಾವಲಿ ಕಾಯಿಸುತ್ತಿದ್ದಳು. “ಅವನಿಗೆ ಮನಸ್ಸಿಲ್ಲ, ಅಷ್ಟೇ. ಬರಿ ಗುರು. ಮೂರು, ಮನಸ್ಸಿಲ್ಲ. ನಾಲ್ಕು, ಇದು ಅವನ ಊರಲ್ಲ. ಐದು, ಬೇರೆ ಜನ ನೋಡ್ಬೇಕು. ಹೇಮ, ನೀನು ಎಂತ ಸುಮ್ನೆ ಕೂತದ್ದು? ಮನೆಯ ಬಲ್ಬು ಬದ್ಲಿಸ್ಲಿಕ್ಕೆ ಇಟ್ಕೊಂಡಿದ್ದೀಯಾ ಅವನನ್ನು?”

ಗುರುದತ್ ಪೆನ್ನಿನ ಮುಚ್ಚಳ ತೆಗೆದ. ಸುಮ್ಮನಿದ್ದುಬಿಟ್ಟರೆ ಇನ್ನೊಂದು ನಿಮಿಷದಲ್ಲಿ ಐದೂ ಗೆರೆ ತುಂಬುತ್ತಿದ್ದವು, ಹೇಮಚಂದ್ರನ ಹೆಸರು ಎಲ್ಲಿಯೂ ಇರುತ್ತಿರಲಿಲ್ಲ. ಮುಂದಿನ ವರ್ಷ ಹುಡುಗನೂ ಇರುತ್ತಿರಲಿಲ್ಲ.

ಆಗಿದ್ದಿಷ್ಟು. ಭಾನುವಾರ ಶಿವರಾತ್ರಿ. ಮನೆಯಲ್ಲಿ ಸಂಜೆಯ ಪೂಜೆಯವರೆಗೆ ಯಾರೂ ಊಟ ಮಾಡುವುದಿಲ್ಲವೆಂದು ಜಯಶೀಲಾ ಹಿಂದಿನ ದಿನವೇ ಟ್ರೆವರನಿಗೆ ಹೇಳಿ, ಅವನ ಪಾಲಿನ ಓಟ್ಸು, ಹಾಲು, ಬಾಳೆಹಣ್ಣನ್ನು ಎದುರಿಗೇ ಕಾಣುವಂತೆ ಇಟ್ಟಿದ್ದಳು. ಬೆಳಿಗ್ಗೆ ಹೇಮಚಂದ್ರ ಕೆಳಗಿಳಿದಾಗ ಹುಡುಗ ಒಂದು ಲೋಟ ನೀರು ಮುಂದಿಟ್ಟುಕೊಂಡು ಕೂತಿದ್ದ. ಯಾರ ಮನೆಯಲ್ಲಿ ಮಲಗುತ್ತೀಯೋ ಅವರ ಮನೆಯ ಪದ್ಧತಿಗೆ ನಡೆದುಕೋ ಎಂದು ಅವನ ಅಜ್ಜಿ ಹೇಳಿಕೊಟ್ಟಿದ್ದಳಂತೆ. ಜಯಶೀಲಾ ಆಗ ಮೇಲೆ ದೇವರ ಕೋಣೆಯಲ್ಲಿದ್ದಳು.

ಲೇ ಹುಡುಗ, ಇವತ್ತು ಫೈನಲ್ ಐತೆ, ತಿನ್ನು ಎಂದು ಹೇಳಲು ಹೇಮಚಂದ್ರ ಬಾಯಿ ತೆರೆದದ್ದು ನಿಜ. ಅಷ್ಟರಲ್ಲಿ ಮಂಡ್ಯದಿಂದ ಅವ್ವನ ವಿಡಿಯೋ ಕರೆ ಬಂತು. ತೆರೆದ ಬಾಯಿಂದ ಬೇರೆ ಮಾತು ಹೊರಟಿತು. “ನೋಡವ್ವ, ನಮ್ಮನೆ ಅಮೆರಿಕದ ಹೈದ. ಇವನೂ ಒಪ್ಪತ್ತು ಇದಾನೆ,” ಎಂದು ಫೋನು ತಿರುಗಿಸಿದ. ಅವ್ವ ಎರಡೂ ಕೈಯೆತ್ತಿ ಹುಡುಗನನ್ನು ಹರಸಿದಳು, ಪಕ್ಕದ ಮನೆಯವರನ್ನು ಕರೆದು ತೋರಿಸಿದಳು, ಅವರೂ ಹರಸಿದರು. ಆಮೇಲೆ ಹುಡುಗನಿಗೆ ತಿನ್ನು ಎನ್ನುವುದು ಮಂಡ್ಯದ ಒಂದು ಇಡೀ ಬೀದಿಗೆ ಮೋಸ ಮಾಡಿದಂತೆ ಆಗುತ್ತಿತ್ತು. ಸಂಜೆ ನಾಲ್ಕಕ್ಕೆ ಆಟ. ಆರಡಿ ಎಂಟಂಗುಲದ ದೇಹ ಒಂದು ಲೋಟ ನೀರಿನ ಮೇಲೆ ಅಂಕಣಕ್ಕಿಳಿಯಿತು.

“ಬರೀಬೇಡ ಕಣೋ ಗುರು,” ಎಂದ ಹೇಮಚಂದ್ರ. “ಅವನು ಅವತ್ತು ಏನೂ ತಿಂದಿರ್ಲಿಲ್ಲ.”

“ಏನೂ ಅಂದ್ರೆ?”

“ಏನೂ ಅಂದ್ರೆ ಏನೂ ಇಲ್ಲ. ಶಿವರಾತ್ರಿ ಅಲ್ವಾ. ನಮ್ ಜೊತೆ ಅವನೂ ಉಪವಾಸ ಇದ್ದ. ನಾನು ನೋಡ್ದೆ, ಬೇಡ ಅನ್ನಲಿಲ್ಲ.”

ಫೆಲಿಕ್ಸ್ ತನ್ನ ಹಣೆಯ ಬೂದಿಯನ್ನೊಮ್ಮೆ ಮುಟ್ಟಿಕೊಂಡ. ಇಡೀ ದಿನ ಖಾಲಿ ಹೊಟ್ಟೆಯಲ್ಲಿ ರೋಗಿಗಳನ್ನು ಎತ್ತಿ ಮಲಗಿಸಿ ಬಂದವನಿಗೆ ಮೊಣಕಾಲಿನ ವಿಷಯ ಬಿಡಿಸಿ ಹೇಳಬೇಕಾಗಿರಲಿಲ್ಲ. “ಛೆ, ಪಾಪ,” ಎಂದ. ಮನಸ್ಸಿಲ್ಲ, ಊರಲ್ಲ ಎಂದದ್ದನ್ನೆಲ್ಲ ಆ ಎರಡು ಶಬ್ದದಲ್ಲಿ ಹಿಂದಕ್ಕೆ ತೆಗೆದುಕೊಂಡ.

ಗುರುದತ್ತನ ಮುಖದಲ್ಲಿ ಮಾತ್ರ ಸೋಲಿನ ಮೂರು ದಿನಗಳಲ್ಲಿ ಮೊದಲ ಸಲ ಕಳೆ ಬಂದಿತ್ತು. ಮೂರನೆಯ ಗೆರೆಯ ಮೇಲೆ ‘ಹೊಟ್ಟೆ ಖಾಲಿ’, ನಾಲ್ಕನೆಯದರ ಮೇಲೆ ‘ಉಪವಾಸ’ ಎಂದು ಬರೆದು ಹೆಜ್ಜೆ ಹಿಂದಿಟ್ಟು ನೋಡಿದ.

“ಕೇಳಿಲ್ಲಿ ಹೇಮ. ಕಾಲೇಜು ಅವನಿಗೆ ಸಂಬಳ ಕೊಡಲ್ಲ, ನಾವೂ ಕೊಡಲ್ಲ. ಈ ಮನೆ ಊಟಾನೇ ಅವನ ಸಂಬಳ. ಅಲ್ವಾ? ಸರಿಯಾಗಿ ಫೈನಲ್ ದಿನ ನೀನು ಸಂಬಳ ಹಿಡ್ಕೊಂಡ್ಬಿಟ್ಟೆ.”

ಜಯಶೀಲಾ ಸೌಟು ಹಿಡಿದುಕೊಂಡೇ ಇತ್ತ ತಿರುಗಿದಳು. “ಅಲ್ರೀ, ಹೊರಡೋವಾಗ ನಾನು ಕೇಳಿದ್ನಲ್ಲ, ಅವನು ತಿಂದ್ನಾ ಅಂತ. ದಾರೀಲಿ ಏನಾದ್ರೂ ಕೊಡಿಸ್ತೀನಿ ಅಂದ್ರಿ ನೀವು.”

ಕೊಡಿಸಬೇಕೆಂದಿದ್ದೆ, ಟ್ರಾಫಿಕ್ಕಿತ್ತು ಎಂದು ಹೇಮಚಂದ್ರ ತೊದಲಿದ. ಭಾನುವಾರದ ಟ್ರಾಫಿಕ್ಕು ಯಾರಿಗೂ ಒಪ್ಪಿಗೆಯಾಗಲಿಲ್ಲ. ಕೈಗೆ ಸಿಕ್ಕ ಹುಲ್ಲುಕಡ್ಡಿಯನ್ನು ಹಿಡಿದುಕೊಂಡ: “ನಾವೂ ಹಂಗೇ ಇರ್ಲಿಲ್ವಾ? ಇಡೀ ಮನೆ ಉಪವಾಸ. ನಾನೂ ಒಂದ್ ತುತ್ತು ಮುಟ್ಟಲಿಲ್ಲ.”

ಗುರುದತ್ ಇದನ್ನೂ ನಿಷ್ಠೆಯಿಂದ ಇಂಗ್ಲಿಷಿಗೆ ಇಳಿಸಿದ. ಡೊನಲ್ ಸಭೆಯ ವರದಿ ಬರೆಯುವುದನ್ನು ನಿಲ್ಲಿಸಿ, ಕನ್ನಡಕ ತೆಗೆದು, ತನಗೊಂದು ಚಿಕ್ಕ ಸಂದೇಹವಿದೆ ಎಂದ. ಅರ್ಧ ಆಟದ ಬಿಡುವಿನಲ್ಲಿ ತಾನು ಹಂದಿಮಾಂಸದ ಎರಡು ಸಾಸೇಜ್ ರೋಲ್ ಕೊಂಡಿದ್ದೆ. ಒಂದನ್ನು ತಾನು ತಿಂದೆ. ಇನ್ನೊಂದನ್ನು ಹೇಮಚಂದ್ರ ತಿಂದ. ತಪ್ಪು ತಿಳಿಯಬಾರದು, ಧರ್ಮದ ವಿಷಯ ತನಗೆ ಗೊತ್ತಿಲ್ಲ, ಬಹುಶಃ ಅದಕ್ಕೆ ವಿನಾಯಿತಿ ಇರಬಹುದು. ವರದಿ ಸರಿಯಾಗಿರಲಿ ಎಂದು ಕೇಳುತ್ತಿದ್ದೇನೆ.

ಇದನ್ನು ಯಾರೂ ಅನುವಾದಿಸಬೇಕಾಗಿ ಬರಲಿಲ್ಲ. ಕಾವಲಿಯ ಮೇಲಿದ್ದ ದೋಸೆಯಿಂದ ಸೀದ ವಾಸನೆ ಏಳತೊಡಗಿದರೂ ಜಯಶೀಲಾ ಅದನ್ನು ಮಗುಚಲಿಲ್ಲ.

“ಸಂಜೆ ಅಭಿಷೇಕಕ್ಕೆ ಹಾಲು ಹಿಡ್ಕೊಂಡಿದ್ದು ಇದೇ ಕೈಯಲ್ಲಾ?”

ಹೇಮಚಂದ್ರ ತನ್ನ ಕೈಯನ್ನು ನೋಡಿಕೊಂಡ, ಬೇರೆ ಯಾರದೋ ಎಂಬಂತೆ.

ಆಮೇಲೆ ಎಲ್ಲವೂ ಬೇಗ ಮುಗಿಯಿತು. ಹುಡುಗ ಇರಬೇಕೆಂಬುದರಲ್ಲಿ ಈಗ ಎರಡು ಮಾತಿರಲಿಲ್ಲ. ಎಲ್ಲಿ ಇರಬೇಕು ಎಂಬುದಷ್ಟೇ ಪ್ರಶ್ನೆ. ತನ್ನ ಮನೆಯಲ್ಲೊಂದು ಕೋಣೆ ಉಂಟು, ಮೀನು ಉಂಟು, ಕೋಳಿ ಉಂಟು ಎಂದು ಫೆಲಿಕ್ಸ್ ಹೇಳಿದಾಗ ಹೇಮಚಂದ್ರ ಮಹಡಿಯ ಕಡೆ ನೋಡಿದ. ನಾಳೆಯಿಂದ ಮುದ್ದೆಯ ಪಾತ್ರೆಯೆದುರು ತಾನೊಬ್ಬನೇ.

“ಅವನು ಎಲ್ಲಿಗೂ ಹೋಗಲ್ಲ ಫೆಲಿಕ್ಸ್,” ಎಂದಳು ಜಯಶೀಲಾ. “ಅವನ ಊಟ ಇನ್ಮೇಲೆ ನನ್ನ ಜವಾಬ್ದಾರಿ. ಹೋಗೋದಿದ್ರೆ ಬೇರೆಯವರು ಹೋಗ್ಲಿ.”

ಡೊನಲ್‌ಗೆ ಸಾರಾಂಶ ತಲುಪಿತು. ಆಗಬಹುದೆಂಬ ಅರ್ಥದಲ್ಲಿ ‘ಗ್ರ್ಯಾಂಡ್’ ಎಂದು ಹೇಳಿ, ಕೋಚಿಗೆ ಹೌದೆಂದು ಸಂದೇಶ ಕಳಿಸಿದ. ಗುರುದತ್ ಐದನೆಯ ಗೆರೆಯ ಮೇಲೆ ಹೇಮಚಂದ್ರ ಎಂದು ತುಂಬು ಅಕ್ಷರದಲ್ಲಿ ಬರೆದು, ಹಾಳೆ ಬಿಚ್ಚಿ ಸುರುಳಿ ಸುತ್ತಿದ.

ಮುಂಬಾಗಿಲು ತೆರೆದ ಸದ್ದಾಯಿತು. ಟ್ರೆವರ್ ಬಾಗಿಲ ಚೌಕಟ್ಟಿಗೆ ತಲೆ ತಗ್ಗಿಸಿ ಒಳಗೆ ಬಂದ. ಸೋತ ದಿನದಿಂದ ಅವನು ಚೌಕಟ್ಟಿಲ್ಲದ ಕಡೆಯಲ್ಲೂ ತಲೆ ತಗ್ಗಿಸಿಯೇ ನಡೆಯುತ್ತಿದ್ದ. ಜಯಶೀಲಾ ಅವನನ್ನು ಕೂರಿಸಿ, ತಟ್ಟೆಗೆ ಮೂರು ದೋಸೆ ಹಾಕಿ, ಪಲ್ಯ ಬಡಿಸಿ, ಗುರುದತ್ತನಿಗೂ ಎರಡು ಹಾಕಿದಳು. ಫೆಲಿಕ್ಸ್ ತನ್ನ ಒಂದು ಊಟ ಇದೇ ಆಗಲಿ ಎಂದು ಕುರ್ಚಿ ಎಳೆದುಕೊಂಡ. ಡೊನಲ್ ಅರ್ಧ ದೋಸೆ ಕೇಳಿ ಪಡೆದ. ಹೇಮಚಂದ್ರನ ಎದುರು ತಟ್ಟೆಯಿತ್ತು. ಅದರ ಮೇಲೆ ಏನೂ ಇರಲಿಲ್ಲ. ಅವನು ಕೇಳಲಿಲ್ಲ, ಅವಳು ಹಾಕಲಿಲ್ಲ.

ಟ್ರೆವರ್ ದೋಸೆಯ ಅಂಚು ಮುರಿದವನು ತಡೆದ. ಎರಡು ಹಣೆಗಳ ಮೇಲಿನ ಬೂದಿಯನ್ನು ನೋಡಿದ. ಖಾಲಿ ತಟ್ಟೆಯನ್ನು ನೋಡಿದ, ಅದರ ಮುಂದೆ ತಲೆ ತಗ್ಗಿಸಿ ಕೂತಿದ್ದ ಮನೆಯ ಯಜಮಾನನನ್ನು ನೋಡಿದ. ಮುರಿದ ತುಂಡನ್ನು ಮೆಲ್ಲಗೆ ತಟ್ಟೆಗೇ ಬಿಟ್ಟು, ಉದ್ದನೆಯ ಎರಡೂ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು, ಮ್ಯಾಮ್, ಇವತ್ತೂ ಉಪವಾಸ ಇದೆಯಾ ಎಂದು ಅವನ ಭಾಷೆಯಲ್ಲಿ ಕೇಳಿದ.

ಜಯಶೀಲಾ ಒಂದು ಕ್ಷಣ ಹುಡುಗನನ್ನು ನೋಡಿದಳು, ಇನ್ನೊಂದು ಕ್ಷಣ ಗಂಡನನ್ನು. ಆಮೇಲೆ ಒಲೆಯ ಪಕ್ಕ ಎತ್ತಿಟ್ಟಿದ್ದ, ಒಂದು ಮಗ್ಗುಲು ಪೂರಾ ಕಪ್ಪಾಗಿದ್ದ ಆ ದೋಸೆಯನ್ನು ತಂದು ಹೇಮಚಂದ್ರನ ತಟ್ಟೆಗೆ ಹಾಕಿದಳು. ಅವನು ದೊಡ್ಡದೊಂದು ತುಂಡು ಮುರಿದು ಬಾಯಿಗಿಟ್ಟು, ಎಲ್ಲರಿಗೂ ಕೇಳುವಂತೆ ಕರಕರನೆ ಅಗಿಯತೊಡಗಿದ. ಟ್ರೆವರನ ಕೈ ಮೇಜಿನ ಕೆಳಗಿನಿಂದ ಮೇಲೆ ಬಂತು.